ಹಳೆಯ ಸ್ಪೋರ್ಟ್ಸ್ ಕಾರು ರಿಪೇರಿ: ಯಾವುದು ಹಾಗೇ ಇರಲಿ, ಯಾವುದು ಬದಲಾಗಲಿ?

ಅಮೆರಿಕದ ಶೆವ್ರೊಲೆ ಕಂಪನಿಯ 1963ರ ಕಾರ್ವೆಟ್ ಸ್ಟಿಂಗ್ ರೇ ಕೂಪೆಗೆ ಹಿಂದಿನ ಗಾಜು ಎರಡು ಹೋಳಾಗಿತ್ತು. ನಡುವೆ ಬೆನ್ನುಮೂಳೆಯಂತೆ ಒಂದು ಪಟ್ಟಿ ಇಳಿದು ಬರುತ್ತಿತ್ತು. ನೋಡಲು ಚೆಂದ. ಆದರೆ ಹಿಂದೆ ಬರುವ ವಾಹನ ಕನ್ನಡಿಯಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. 1964ರಲ್ಲಿ ಕಂಪನಿ ಆ ಪಟ್ಟಿ ತೆಗೆದು ಒಂದೇ ಗಾಜು ಹಾಕಿತು. ಅದನ್ನು ಕಂಡು ಕೆಲವು ಮಾಲೀಕರು ತಮ್ಮ 1963ರ ಕಾರಿನ ಪಟ್ಟಿಯನ್ನೂ ಕತ್ತರಿಸಿ ಒಂದೇ ಗಾಜು ಕೂರಿಸಿಕೊಂಡರು. ಆ ಹೊತ್ತಿಗೆ ಅದು ಜಾಣ ಕೆಲಸವೇ. ಈಗ ಜನ ಆ ಒಂದು ವರ್ಷದ ಕಾರನ್ನು ಹುಡುಕಿಕೊಂಡು ಹೋಗುವುದೇ ಆ ಪಟ್ಟಿಗಾಗಿ.

ಹಳೆಯ ಕಾರು ಕೈಗೆತ್ತಿಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪಟ್ಟಿ ಕತ್ತರಿಸಿದವರಿಗೆ ಕಾರಿನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಇದು ಮೊದಲಿಗಿಂತ ಚೆನ್ನಾಗಿರುತ್ತದಾ ಎಂದಷ್ಟೇ ಅವರು ಕೇಳಿಕೊಂಡರು. ಬೇಡ ಅನ್ನಿಸಿದರೆ ಮತ್ತೆ ಹಿಂದಿನಂತೆ ಮಾಡಲು ಆಗುತ್ತದಾ ಎಂದು ಕೇಳಿಕೊಳ್ಳಲಿಲ್ಲ. ಕೆಳಗಿನ ಹೋಲಿಕೆಗಳೆಲ್ಲ ಈ ಎರಡನೇ ಪ್ರಶ್ನೆಯ ಮೇಲೇ ನಿಂತಿವೆ.

ಇರುವುದು ನಾಲ್ಕು ದಾರಿ

ಮೊದಲನೆಯದು, ಇರುವುದನ್ನು ಇದ್ದ ಹಾಗೆ ಕಾಪಾಡುವುದು. ಮಾಸಿದ ಬಣ್ಣ, ಸುಕ್ಕುಗಟ್ಟಿದ ಚರ್ಮದ ಸೀಟು, ಗೀರು ಬಿದ್ದ ಗಾಜು ಎಲ್ಲ ಹಾಗೇ ಇರುತ್ತವೆ. ಕಾರು ಓಡುವಂತೆ, ನಿಲ್ಲುವಂತೆ ಮಾಡಿ, ಇನ್ನಷ್ಟು ಹಾಳಾಗದಂತೆ ತಡೆದರೆ ಮುಗಿಯಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 1966ರಿಂದ ಕೆಲಸ ಮಾಡುತ್ತಿದೆ. ಅದರ ಟ್ಯೂರಿನ್ ಚಾರ್ಟರ್ ಕೂಡ ಹೊಸದರಂತೆ ಮಾಡುವುದಕ್ಕಿಂತ ಇರುವುದನ್ನು ಕಾಪಾಡುವುದಕ್ಕೇ ಮೊದಲ ಮಣೆ ಹಾಕುತ್ತದೆ.

ಎರಡನೆಯದು, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಮಾಡುವುದು. ಬೋಲ್ಟಿನ ತಲೆಯ ಮೇಲಿನ ಗುರುತು, ಹೋಸಿನ ಕ್ಲಿಪ್ಪು, ಬ್ಯಾಟರಿಯ ಪಟ್ಟಿ ಎಲ್ಲವೂ ಆ ಕಾಲದ್ದೇ ಆಗಬೇಕು. ಅತಿ ಹೆಚ್ಚು ದುಡ್ಡು, ಅತಿ ಹೆಚ್ಚು ಸಮಯ ಬೇಡುವುದು ಇದೇ. ಇದರಲ್ಲೊಂದು ದೊಡ್ಡ ಅಪಾಯವೂ ಇದೆ. ಬಹಳಷ್ಟು ಜನ ಕಾರ್ಖಾನೆಗಿಂತ ಚೆನ್ನಾಗಿ ಮಾಡಿಬಿಡುತ್ತಾರೆ. ಕಾರ್ಖಾನೆಯಲ್ಲಿ ಬಣ್ಣ ಕಿತ್ತಳೆ ಸಿಪ್ಪೆಯಂತೆ ಸ್ವಲ್ಪ ತರಿತರಿಯಾಗಿ ಕೂತಿರುತ್ತಿತ್ತು. ಕೆಳಭಾಗಕ್ಕೆ ಬಣ್ಣದ ತುಂತುರು ಹಾರಿರುತ್ತಿತ್ತು. ಅದನ್ನೆಲ್ಲ ಕನ್ನಡಿಯಂತೆ ತಿಕ್ಕಿದರೆ ಕಾರು ಹೊಳೆಯುತ್ತದೆ ನಿಜ. ಆದರೆ ಅಂಥ ಕಾರು ಆ ಕಾರ್ಖಾನೆಯಿಂದ ಯಾವತ್ತೂ ಹೊರಬಂದಿರಲಿಲ್ಲ. ಅಮೆರಿಕದ ಕಾರ್ವೆಟ್ ಪ್ರಿಯರ ಸಂಘ ಎನ್‌ಸಿಆರ್‌ಎಸ್‌ನ ಸ್ಪರ್ಧೆಗಳಲ್ಲಿ ಇಂಥ ಅತಿ ನಾಜೂಕಿಗೂ ಅಂಕ ಕಳೆಯುತ್ತಾರೆ.

ಮೂರನೆಯದು, ಓಡಿಸುವುದಕ್ಕಾಗಿ ಸಿದ್ಧ ಮಾಡುವುದು. ನೋಡಲು ಹಳೆಯದು. ಒಳಗೆ ಕಣ್ಣಿಗೆ ಬೀಳದ ಕಡೆ ಒಂದಿಷ್ಟು ಹೊಸದು. ನಾಲ್ಕನೆಯದನ್ನು ರೆಸ್ಟೊಮಾಡ್ ಅನ್ನುತ್ತಾರೆ. ಹಳೆಯ ಮೈಯೊಳಗೆ ಹೊಸ ಎಂಜಿನ್, ಹೊಸ ಸಸ್ಪೆನ್ಷನ್, ಎಸಿ, ಎಲ್ಲವೂ.

ನನ್ನ ಒಲವು ಎಲ್ಲಿದೆ ಅಂತ ಈಗಲೇ ಹೇಳಿಬಿಡುತ್ತೇನೆ. ಕಾರಿನ ಅರ್ಧಕ್ಕಿಂತ ಹೆಚ್ಚು ಭಾಗ ಮೊದಲಿನದೇ ಆಗಿ, ಗಟ್ಟಿಯಾಗಿಯೂ ಇದ್ದರೆ ಮೊದಲನೇ ದಾರಿ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಆ ಸ್ಥಿತಿಯ ಕಾರನ್ನು ಯಾವತ್ತು ಬೇಕಾದರೂ ಹೊಸದರಂತೆ ಮಾಡಬಹುದು. ಹೊಸದರಂತೆ ಮಾಡಿದ್ದನ್ನು ಮತ್ತೆ ಹಳೆಯದಾಗಿಸಲು ಯಾರಿಂದಲೂ ಆಗುವುದಿಲ್ಲ. ಕಾರು ಆಗಲೇ ಬಿಚ್ಚಿ ಹೋಗಿದ್ದರೆ, ಎರಡು ಮೂರು ಸಲ ಬಣ್ಣ ಕಂಡಿದ್ದರೆ, ಮೂರನೇ ದಾರಿ ಹಿಡಿಯಿರಿ. ಎರಡನೆಯದು ಅಪರೂಪದ ಕಾರುಗಳಿಗೆ ಮತ್ತು ಸ್ಪರ್ಧೆಗೆ ಹೋಗುವವರಿಗೆ. ನಾಲ್ಕನೆಯದನ್ನು ಮಾಡಲೇಬೇಕು ಅನ್ನಿಸಿದರೆ, ಎಂಜಿನ್ ಇಲ್ಲದ, ಒಳಾಂಗಣ ಇಲ್ಲದ ಬರೀ ಗೂಡಿನ ಮೇಲೆ ಮಾಡಿ. ಪೂರ್ತಿ ಇರುವ ಕಾರನ್ನು ಅದಕ್ಕಾಗಿ ಒಡೆಯುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸ್ಪ್ಯಾನರ್ ಹಿಡಿಯುವ ಮುಂಚೆ

ಕಾರು ಬಿಚ್ಚುವ ಮೊದಲು ಅದನ್ನು ಓದಬೇಕು. ಚಾಸಿ ನಂಬರ್, ಎಂಜಿನ್ ನಂಬರ್, ಗೇರ್‌ಬಾಕ್ಸ್ ನಂಬರ್, ಬಾಡಿ ನಂಬರ್ ಎಲ್ಲ ಬರೆದಿಟ್ಟುಕೊಳ್ಳಿ. ಹಲವು ಕಂಪನಿಗಳ ಹಳೆಯ ದಾಖಲೆಗಳು ಇನ್ನೂ ಉಳಿದಿವೆ. ಎಂಜಿ ಕಾರುಗಳ ದಾಖಲೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನಲ್ಲಿ ಇದೆ. ಜಾಗ್ವಾರ್‌ಗೆ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಇದೆ. ನಿಮ್ಮ ಕಾರು ಯಾವ ದಿನ ತಯಾರಾಯಿತು, ಯಾವ ಬಣ್ಣ, ಯಾವ ಎಂಜಿನ್ ಎಂಬುದನ್ನು ಪ್ರಮಾಣಪತ್ರವಾಗಿ ಕೊಡುತ್ತಾರೆ. ಕೆಂಪು ಕಾರು ಅಂತ ತಂದದ್ದು ಹುಟ್ಟುವಾಗ ತಿಳಿ ನೀಲಿ ಆಗಿತ್ತು ಅಂತ ಗೊತ್ತಾಗುವುದು ಹೀಗೆ.

ಆಮೇಲೆ ಬಣ್ಣದ ದಪ್ಪ ಅಳೆಯುವ ಗೇಜ್ ತನ್ನಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಆಸುಪಾಸು ಇರುತ್ತದೆ. ಅದರ ಎರಡು ಮೂರು ಪಟ್ಟು ತೋರಿಸಿದರೆ ಮೇಲೆ ಇನ್ನೊಂದು ಬಣ್ಣ ಬಿದ್ದಿದೆ. ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ. ಅಯಸ್ಕಾಂತದ ಗೇಜ್ ಉಕ್ಕಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಕಾರ್ವೆಟ್, ಲೋಟಸ್ ಎಲಾನ್‌ಗಳ ಮೈ ಫೈಬರ್‌ಗ್ಲಾಸಿನದು, ಅಲ್ಲಿ ಅದು ಸುಮ್ನೆ ಇರುತ್ತದೆ. ಅದಕ್ಕೆ ಅಲ್ಟ್ರಾಸೌಂಡ್ ಗೇಜ್ ಬೇಕು.

ಇನ್ನು ಫೋಟೋ. ಎಷ್ಟು ತೆಗೆದರೂ ಕಡಿಮೆಯೇ. ವೈರು ಯಾವ ಬೋಲ್ಟಿನ ಹಿಂದಿನಿಂದ ಹೋಗುತ್ತದೆ, ವಾಷರ್ ಮೇಲೋ ಕೆಳಗೋ, ಸ್ಟಿಕರ್ ಎಷ್ಟು ಓರೆಯಾಗಿ ಅಂಟಿದೆ, ಎಲ್ಲ ಬೇಕು. ನಾನು ಒಮ್ಮೆ ಎಂಜಿ ಕಂಪನಿಯ ಒಂದು ಎಂಜಿಬಿ ಕಾರನ್ನು ಬಣ್ಣಕ್ಕೆ ಬಿಟ್ಟಿದ್ದೆ. ಬಾನೆಟ್ ಕೆಳಗಿದ್ದ ಕಾರ್ಖಾನೆಯ ಕಾಗದದ ಚೀಟಿಯನ್ನು ಕೊಳೆ ಅಂದುಕೊಂಡು ಕೆರೆದು ತೆಗೆದಿದ್ದರು. ಅದರಲ್ಲಿ ಏನು ಬರೆದಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಫೋಟೋ ತೆಗೆದಿರಲಿಲ್ಲ.

ಮೈ ಮತ್ತು ತುಕ್ಕು

ದುಡ್ಡು ಹೆಚ್ಚು ಹೋಗುವುದು ಇಲ್ಲಿ. ತಪ್ಪು ಹೆಚ್ಚು ಆಗುವುದೂ ಇಲ್ಲೇ.

ಕಾರಿನ ಕಟ್ಟಡ ಹೇಗಿದೆ ಎಂಬುದು ಮೊದಲು ಗೊತ್ತಿರಬೇಕು. ಟ್ರಯಂಫ್ ಟಿಆರ್6ಗೆ ಬೇರೆ ಚಾಸಿ ಇದೆ, ಮೈಯನ್ನು ಎತ್ತಿಡಬಹುದು. ಎಂಜಿಬಿಗೆ ಚಾಸಿ ಇಲ್ಲ, ಮೈಯೇ ಭಾರ ಹೊರುತ್ತದೆ. ಅದರಲ್ಲೂ ಬಾಗಿಲ ಕೆಳಗಿನ ಸಿಲ್‌ಗಳೇ ಇಡೀ ಕಾರನ್ನು ಹಿಡಿದಿರುತ್ತವೆ. ಎಂಜಿಬಿಯ ಸಿಲ್ ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಕ್ಕೆ ಕಬ್ಬಿಣದ ಆಸರೆ ವೆಲ್ಡ್ ಮಾಡಲೇಬೇಕು. ಇಲ್ಲದಿದ್ದರೆ ಕಾರು ನಡುವೆ ಜಗ್ಗುತ್ತದೆ. ಆಮೇಲೆ ಬಾಗಿಲು ಯಾವತ್ತೂ ಸರಿಯಾಗಿ ಮುಚ್ಚುವುದಿಲ್ಲ. ಬಾಗಿಲ ಸುತ್ತಲಿನ ಸಂದಿ ಮೇಲೆ ಕೆಳಗೆ ಒಂದೇ ಸಮ ಇದೆಯಾ ಅಂತ ಕೆಲಸದ ಮುಂಚೆ, ನಡುವೆ, ಕೊನೆಗೆ ನೋಡುತ್ತಲೇ ಇರಿ.

ತುಕ್ಕು ಹಿಡಿದ ಜಾಗಕ್ಕೆ ತೇಪೆ ಹಾಕುವುದೋ, ಇಡೀ ಪ್ಯಾನೆಲ್ ಬದಲಿಸುವುದೋ? ಹೊರಗಿನ ಪ್ಯಾನೆಲ್‌ಗಳಲ್ಲಿ ನಾನು ತೇಪೆಯ ಪರ. ಆ ಕಾರಿನ ಜೊತೆ ಹುಟ್ಟಿದ ಮಡ್‌ಗಾರ್ಡು ಆ ಕಾರಿಗೆ ಕೂರುವಂತೆ ಹೊಸದು ಕೂರುವುದಿಲ್ಲ. ಕೈಯಿಂದ ಜೋಡಿಸಿದ ಕಾಲದ ಕಾರುಗಳಲ್ಲಿ ಎಡಕ್ಕೂ ಬಲಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ಇರುತ್ತಿತ್ತು. ಕೆಳಗಿನ 10 ಸೆಂಟಿಮೀಟರ್ ಕೊಳೆತಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ತಗಡು ಹಾಕಿ. ಮೇಲಿನ ಅಂಚು, ಕಾರ್ಖಾನೆಯ ಸ್ಪಾಟ್ ವೆಲ್ಡ್, ಸೀಸದ ಬೆಸುಗೆ ಹಾಗೇ ಉಳಿಯುತ್ತವೆ. ಆದರೆ ಸಿಲ್, ಜ್ಯಾಕ್ ಕೊಡುವ ಜಾಗ, ಸಸ್ಪೆನ್ಷನ್ ಹಿಡಿದಿರುವ ಜಾಗಗಳಲ್ಲಿ ತೇಪೆಯ ಮಾತೇ ಬೇಡ. ಅಲ್ಲಿ ಪೂರ್ತಿ ತೆಗೆದು ಹೊಸದು ಹಾಕಿ. ಭಾರ ಹೊರುವ ಜಾಗದಲ್ಲಿ ಹಳೆಯದರ ಮೋಹ ಇಟ್ಟುಕೊಳ್ಳಬಾರದು.

ಎಂಜಿಬಿಗೆ ಇನ್ನೊಂದು ಆಯ್ಕೆಯೂ ಇದೆ. ಬ್ರಿಟಿಷ್ ಮೋಟರ್ ಹೆರಿಟೇಜ್ 1988ರಿಂದ ಅದರ ಇಡೀ ಹೊಸ ಬಾಡಿಶೆಲ್ ಮಾಡಿ ಮಾರತೊಡಗಿತು. ಹಳೆಯ ಮೈಯಲ್ಲಿ ಏನೂ ಉಳಿದಿಲ್ಲ ಅನ್ನುವಾಗ ಇದು ದೊಡ್ಡ ವರ. ನೇರವಾದ, ಒಣಗಿದ, ಗಟ್ಟಿ ಗೂಡು ಸಿಗುತ್ತದೆ. ವೆಲ್ಡಿಂಗ್ ಕೂಲಿಯ ಲೆಕ್ಕ ಹಾಕಿದರೆ ಒಮ್ಮೊಮ್ಮೆ ಅದೇ ಅಗ್ಗ. ಆದರೆ ಆಗ ಆ ಕಾರಿನಲ್ಲಿ ಹುಟ್ಟಿದ್ದು ಏನು ಉಳಿಯಿತು ಅಂತ ಕೇಳಿಕೊಳ್ಳಬೇಕಾಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಸೀಟು ಅದರದ್ದೇ ಇದ್ದರೆ ನನಗೆ ಅದು ಇನ್ನೂ ಅದೇ ಕಾರು. ಅವೂ ಹೋಗಿದ್ದರೆ ಉಳಿಯುವುದು ನಂಬರ್ ಪ್ಲೇಟು ಮಾತ್ರ. ಏನೇ ಆಗಲಿ, ಮಾರುವಾಗ ಮುಚ್ಚಿಡಬಾರದು.

ಲೋಟಸ್ ಎಲಾನ್‌ದು ಬೇರೆಯೇ ಕತೆ. ಫೈಬರ್‌ಗ್ಲಾಸ್ ಮೈ ತುಕ್ಕು ಹಿಡಿಯುವುದಿಲ್ಲ. ಒಳಗಿನ ಬೆನ್ನುಮೂಳೆಯಂಥ ಉಕ್ಕಿನ ಚಾಸಿ ಹಿಡಿಯುತ್ತದೆ. ಅದಕ್ಕೆ ಲೋಟಸ್ ಕಂಪನಿಯೇ ಮುಂದೆ ಸತು ಲೇಪಿಸಿದ ಬದಲಿ ಚಾಸಿ ಕೊಟ್ಟಿತು. ಎಲಾನ್‌ಗೆ ಚಾಸಿ ಬದಲಾಯಿಸಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಅಂದರೆ ಏನನ್ನು ಉಳಿಸಬೇಕು ಎಂಬುದು ಕಾರಿನಿಂದ ಕಾರಿಗೆ ಬದಲಾಗುತ್ತದೆ. ಪೋರ್ಷೆ 911ಗೂ ಹೀಗೇ ಒಂದು ಗಡಿ ಇದೆ. 1976ರ ಮಾದರಿಯಿಂದ ಇಡೀ ಮೈಗೆ ಸತು ಲೇಪಿಸಿದ ಉಕ್ಕು ಬಂತು. ಅದಕ್ಕಿಂತ ಹಳೆಯದಾದರೆ ಮುಂದಿನ ಸಸ್ಪೆನ್ಷನ್ ಜಾಗ, ಬ್ಯಾಟರಿ ಪೆಟ್ಟಿಗೆ, ಹಿಂದಿನ ಟಾರ್ಷನ್ ಬಾರ್ ಸುತ್ತ ಎಲ್ಲ ಕೈಯಿಟ್ಟು ನೋಡಿ.

ಬಣ್ಣ ಕಿತ್ತುಹಾಕುವ ವಿಧಾನದಲ್ಲೂ ಯೋಚನೆ ಬೇಕು. ಮರಳು ಸಿಡಿಸಿದರೆ ಬೇಗ ಆಗುತ್ತದೆ. ಆದರೆ ಬಾನೆಟ್ಟಿನಂಥ ಅಗಲ ತಗಡು ಸೊಟ್ಟಗಾಗುತ್ತದೆ, ಮತ್ತೆ ಸರಿಯಾಗುವುದು ಕಷ್ಟ. ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿದರೆ ಮೂಲೆ ಮೂಲೆಯ ತುಕ್ಕೂ ಹೋಗುತ್ತದೆ. ಆದರೆ ಮಡಿಕೆಗಳ ಒಳಗೆ ಆಸಿಡ್ ಉಳಿದರೆ ಎರಡು ವರ್ಷದ ಮೇಲೆ ಬಣ್ಣದ ಕೆಳಗಿನಿಂದ ಒಸರುತ್ತದೆ. ಅಗಲ ಪ್ಯಾನೆಲ್‌ಗಳಿಗೆ ಕೈಯಿಂದ ಉಜ್ಜುವುದು, ದಪ್ಪ ಭಾಗಗಳಿಗೆ ಸಿಡಿಸುವುದು, ಇದು ನಿಧಾನವಾದರೂ ನನಗೆ ಸಮಾಧಾನ ಕೊಟ್ಟ ದಾರಿ.

ಬಣ್ಣ

ಮೊದಲಿನ ಬಣ್ಣ ಮುಕ್ಕಾಲು ಭಾಗ ಇದ್ದರೂ ಸಾಕು, ಉಳಿಸಿ. ಹಿಂದಿನ ಬಾಗಿಲ ಹತ್ತಿರ ಬಣ್ಣ ಸವೆದು ಕೆಳಗಿನ ಪ್ರೈಮರ್ ಕಾಣುತ್ತಿದೆಯಾ? ಹತ್ತಾರು ವರ್ಷ ಅದೇ ಜಾಗದಲ್ಲಿ ಯಾರೋ ಕೈಯಿಟ್ಟು ಮುಚ್ಚಿದ ಗುರುತು ಅದು. ಯಾವ ಪೇಂಟರ್ ಕೈಯಲ್ಲೂ ಅದನ್ನು ಬರೆಯಲು ಆಗುವುದಿಲ್ಲ.

ಉಳಿಸುವುದೆಂದರೆ ಸುಮ್ಮನೆ ಬಿಡುವುದಲ್ಲ. ತೊಳೆದು, ಮೆತ್ತಗಿನ ಪಾಲಿಷ್‌ನಿಂದ ಸತ್ತ ಮೇಲ್ಪದರ ತೆಗೆದು, ಮೇಣ ಹಚ್ಚಬೇಕು. ಪ್ರತಿ ಸಲ ಪಾಲಿಷ್ ಮಾಡಿದಾಗಲೂ ಒಂದಿಷ್ಟು ಬಣ್ಣ ಹೋಗುತ್ತದೆ. ಅಂಚುಗಳಲ್ಲಿ ಮೊದಲೇ ತೆಳುವಾಗಿರುತ್ತದೆ, ಅಲ್ಲಿ ಯಂತ್ರ ಹಿಡಿಯಬೇಡಿ. ಗೇಜ್ ಪಕ್ಕದಲ್ಲೇ ಇರಲಿ. ಒಂದು ಪ್ಯಾನೆಲ್ ಮಾತ್ರ ಹಾಳಾಗಿದ್ದರೆ ಅದೊಂದಕ್ಕೇ ಬಣ್ಣ ಹೊಡೆಸಿ, ಪಕ್ಕದ ಮಾಸಿದ ಬಣ್ಣಕ್ಕೆ ಹೊಂದಿಸಿ. ಡಬ್ಬಿಯ ಕೋಡ್ ನೋಡಿ ಬೆರೆಸಿದ ಬಣ್ಣ ಹೊಂದುವುದಿಲ್ಲ. 50 ವರ್ಷ ಬಿಸಿಲು ಕಂಡ ಬಣ್ಣಕ್ಕೆ ಕಣ್ಣಿಂದಲೇ ಹೊಂದಿಸಬೇಕು. ಅದನ್ನು ಬಲ್ಲ ಪೇಂಟರ್ ಸಿಗುವವರೆಗೆ ಕಾಯಿರಿ.

ಪೂರ್ತಿ ಬಣ್ಣ ಮಾಡಲೇಬೇಕಾದರೆ ಯಾವ ಬಣ್ಣ? ಹುಟ್ಟಿದಾಗ ಇದ್ದದ್ದೇ ಆಗಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಂದು, ಸಾಸಿವೆ ಹಳದಿ, ಮಾಸಲು ಹಸಿರು ಈಗ ಹಿಡಿಸದೇ ಇರಬಹುದು. ಆದರೆ ಎಲ್ಲ ಕಾರನ್ನೂ ಕೆಂಪು ಮಾಡುತ್ತಾ ಹೋದರೆ ಆ ಕಾಲದ ಬಣ್ಣಗಳೇ ಕಾಣದಂತಾಗುತ್ತವೆ, ಅಲ್ವಾ?

ಬಣ್ಣದ ಬಗೆಯಲ್ಲಿ ಮೂರು ಆಯ್ಕೆ. ಸೆಲ್ಯುಲೋಸ್ ಆ ಕಾಲದ್ದು. ಅದರ ಹೊಳಪಿನಲ್ಲಿ ಒಂದು ಮೆದುತನ ಇದೆ, ಉಜ್ಜಿ ಸರಿಮಾಡಲು ಸುಲಭ. ಆದರೆ ಕಾಲ ಕಳೆದಂತೆ ಒಳಗೆ ಕುಸಿದು ಕೆಳಗಿನ ಗೆರೆಗಳನ್ನು ತೋರಿಸುತ್ತದೆ. ಪೆಟ್ರೋಲ್ ಚೆಲ್ಲಿದರೆ ಕಲೆ ಉಳಿಯುತ್ತದೆ. ಕೆಲವು ದೇಶಗಳಲ್ಲಿ ದ್ರಾವಕದ ನಿಯಮಗಳಿಂದಾಗಿ ಸಿಗುವುದೇ ಕಷ್ಟ. ಟೂ-ಪ್ಯಾಕ್, ಅಂದರೆ ಗಟ್ಟಿಗೊಳಿಸುವ ದ್ರವ ಬೆರೆಸಿ ಹೊಡೆಯುವ ಬಣ್ಣ, ಗಟ್ಟಿ, ಹೆಚ್ಚು ಬಾಳುತ್ತದೆ. ಆದರೆ ಅದರಲ್ಲಿ ಐಸೊಸಯನೇಟ್ ಇದೆ, ಹೊರಗಿನಿಂದ ಗಾಳಿ ಬರುವ ಮುಖವಾಡ ಇಲ್ಲದೆ ಹೊಡೆಯಲೇಬಾರದು, ಶ್ವಾಸಕೋಶಕ್ಕೆ ಕೆಟ್ಟದ್ದು. ಮೂರನೆಯದು ಬಣ್ಣದ ಮೇಲೆ ಪಾರದರ್ಶಕ ಪದರ ಹಾಕುವುದು. ಮೆಟಾಲಿಕ್‌ಗೆ ಇದು ಬೇಕಾಗುತ್ತದೆ. ಸಾದಾ ಬಣ್ಣಕ್ಕೆ ಹಾಕಿದರೆ ಗಾಜಿನ ಕೆಳಗಿಟ್ಟಂತೆ ಕಾಣುತ್ತದೆ, ಹಳೆಯ ಕಾರಿಗೆ ಒಗ್ಗುವುದಿಲ್ಲ. ಓಡಿಸುವ ಕಾರಿಗೆ ನಾನು ಆರಿಸುವುದು ಪಾರದರ್ಶಕ ಪದರ ಇಲ್ಲದ ಟೂ-ಪ್ಯಾಕ್, ಮೇಲೆ ಸಣ್ಣಗೆ ಉಜ್ಜಿ ಹೊಳಪು ಸ್ವಲ್ಪ ಇಳಿಸಿದ್ದು.

ಎಂಜಿನ್: ಹೊರಗೆ ಹಳೆಯದು, ಒಳಗೆ ಗಟ್ಟಿಯದು

ಎಂಜಿನ್ ಬ್ಲಾಕ್ ಉಳಿಸಿ. ಅದರೊಳಗೆ ತಿರುಗುವ, ಉಜ್ಜುವ ಭಾಗಗಳನ್ನು ಬದಲಿಸಲು ಹಿಂಜರಿಯಬೇಡಿ. ಪಿಸ್ಟನ್, ರಿಂಗು, ಬೇರಿಂಗು ಸವೆಯುವುದಕ್ಕೇ ಇರುವಂಥವು. ಸೀಸ ಇಲ್ಲದ ಪೆಟ್ರೋಲ್ ಬಂದ ಮೇಲೆ ಹಳೆಯ ಎರಕದ ಕಬ್ಬಿಣದ ಹೆಡ್‌ಗಳಲ್ಲಿ ಎಗ್ಸಾಸ್ಟ್ ವಾಲ್ವ್ ಕೂರುವ ಜಾಗ ಸವೆದು ಒಳಗೆ ಹೋಗುತ್ತದೆ. ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟ್ ಹಾಕಿಸಿಬಿಡಿ, ಹೊರಗೆ ಕಾಣುವುದಿಲ್ಲ. ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನ ಹಿಂದಿನ ಹಗ್ಗದ ಸೀಲ್ ಆಯಿಲ್ ಒಸರುವುದಕ್ಕೇ ಹೆಸರಾದದ್ದು. ಅದರ ಬದಲು ಹೊಸ ರಬ್ಬರ್ ಸೀಲ್ ಹಾಕಿದರೆ ನನಗೇನೂ ಬೇಸರವಿಲ್ಲ.

ಒಂದು ಕಡೆ ಮಾತ್ರ ತುಂಬಾ ಜೋಪಾನ. ಶೆವ್ರೊಲೆ ಸ್ಮಾಲ್ ಬ್ಲಾಕ್ ಎಂಜಿನ್ನಿನ ನಂಬರ್ ಒತ್ತಿರುವುದು ಬ್ಲಾಕಿನ ಮುಂಭಾಗದಲ್ಲಿ, ಹೆಡ್ ಕೂರುವ ಮಟ್ಟದಲ್ಲೇ. ಮೆಷಿನ್ ಶಾಪಿಗೆ ಕೊಟ್ಟು "ಮೇಲ್ಮೈ ಸಮ ಮಾಡಿ" ಅಂದರೆ ಆ ನಂಬರೂ ಕೆತ್ತಿ ಹೋಗುತ್ತದೆ. ಎಂಜಿನ್ ಅದೇ, ಆದರೆ ಅದೇ ಅಂತ ತೋರಿಸಲು ಸಾಕ್ಷಿ ಇಲ್ಲ. ಕೊಡುವಾಗಲೇ ಆ ಜಾಗಕ್ಕೆ ಟೇಪ್ ಅಂಟಿಸಿ, ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆದುಕೊಡಿ. ಹೋದ ನಂಬರನ್ನು ಮತ್ತೆ ಒತ್ತಿಸುವ ಯೋಚನೆ ಬೇಡ. ಅದು ಮೋಸ, ಹಲವು ಕಡೆ ಅಪರಾಧ ಕೂಡ.

ಬ್ಲಾಕ್ ಸೀಳಿದ್ದರೂ ಗುಜರಿಗೆ ಹಾಕಬೇಡಿ. ಎರಕದ ಕಬ್ಬಿಣದ ಸೀಳಿಗೆ ಲೋಹದ ಪಿನ್ನುಗಳನ್ನು ಒಂದರ ಪಕ್ಕ ಒಂದು ಹೊಲಿಗೆಯಂತೆ ಬಿಗಿಯುವ ವಿಧಾನ ಇದೆ, ಬಿಸಿ ತಾಗುವುದಿಲ್ಲ. ಸವೆದ ಸಿಲಿಂಡರಿಗೆ ಸ್ಲೀವ್ ಹಾಕಬಹುದು. ಈಗ ದುಡ್ಡಿಲ್ಲ ಅಂದರೆ ಬೇರೆ ಎಂಜಿನ್ ಹಾಕಿ ಓಡಿಸಿ, ಮೊದಲಿನದಕ್ಕೆ ಎಣ್ಣೆ ಹಚ್ಚಿ ಮೂಲೆಯಲ್ಲಿಡಿ.

ಆಯಿಲ್ ವಿಷಯದಲ್ಲಿ ಹೊಸದು ಒಳ್ಳೆಯದು ಎಂಬ ನಂಬಿಕೆ ಕೈಕೊಡುತ್ತದೆ. ಈಗಿನ ಕಾರುಗಳ ತೆಳು ಆಯಿಲ್‌ಗಳಲ್ಲಿ ಕೆಟಲಿಟಿಕ್ ಕನ್ವರ್ಟರ್ ಉಳಿಸಲು ಸತು ಮತ್ತು ರಂಜಕದ ಅಂಶ ಕಡಿಮೆ ಮಾಡಿದ್ದಾರೆ. ಹಳೆಯ ಎಂಜಿನ್ನಿನ ಕ್ಯಾಮ್ ಮತ್ತು ಚಪ್ಪಟೆ ಟ್ಯಾಪೆಟ್ ಬದುಕಿರುವುದೇ ಅದರಿಂದ. ಹಳೆಯ ಕಾರಿಗೆಂದೇ ಮಾಡಿದ ಆಯಿಲ್ ಹಾಕಿ. ಹೊಸ ಕ್ಯಾಮ್ ಹಾಕಿದ್ದರಂತೂ ಎಂಜಿನ್ ಓಡುವ ಮೊದಲ 20 ನಿಮಿಷ ಬಹಳ ಮುಖ್ಯ.

ಇಂಧನ ಕೊಡುವ ವ್ಯವಸ್ಥೆಯಲ್ಲಿ ಜನ ಆತುರಪಟ್ಟಷ್ಟು ಬೇರೆಲ್ಲೂ ಪಡುವುದಿಲ್ಲ. ಅಮೆರಿಕಕ್ಕೆ ಹೋದ ಆಲ್ಫಾ ರೋಮಿಯೋ ಕಾರುಗಳಿಗೆ 1969ರಿಂದ ಸ್ಪಿಕಾ ಎಂಬ ಯಾಂತ್ರಿಕ ಇಂಜೆಕ್ಷನ್ ಬಂತು. ಅದನ್ನು ಹೊಂದಿಸಲು ಬಲ್ಲವರು ಕಡಿಮೆ. ಹಾಗಾಗಿ ಬಹಳ ಮಂದಿ ಕಿತ್ತು ಬಿಸಾಡಿ ವೆಬರ್ ಕಾರ್ಬೊರೇಟರ್ ಹಾಕಿದರು. ಸರಿಯಾಗಿ ಹೊಂದಿಸಿದ ಸ್ಪಿಕಾ ತಣ್ಣನೆ ಬೆಳಗಿನಲ್ಲೂ ಸಲೀಸಾಗಿ ಓಡುತ್ತದೆ. ಈಗ ಅದರ ಪಂಪ್ ಹುಡುಕಿಕೊಂಡು ಜನ ಅಲೆಯುತ್ತಾರೆ. ಇದಕ್ಕೆ ಉಲ್ಟಾ ಉದಾಹರಣೆ ಡಾಟ್ಸನ್ 240ಜೆಡ್. ಅದರ ಕೊನೆಗಾಲದಲ್ಲಿ ಹೊಗೆ ನಿಯಮಕ್ಕಾಗಿ ಚಪ್ಪಟೆ ತಲೆಯ ಕಾರ್ಬೊರೇಟರ್ ಬಂತು. ಬಿಸಿಯಲ್ಲಿ ತೊಂದರೆ ಕೊಡುತ್ತಿತ್ತು. ಅದನ್ನು ತೆಗೆದು ಮೊದಲ ವರ್ಷಗಳ ದುಂಡು ತಲೆಯ ಜೋಡಿ ಹಾಕುವುದು ವಾಡಿಕೆ. ಇದನ್ನು ನಾನು ಒಪ್ಪುತ್ತೇನೆ. ಬಂದದ್ದು ಅದೇ ಕಾರಿನ ಹಿಂದಿನ ವರ್ಷದ ಭಾಗ, ಬೋಲ್ಟು ಬಿಚ್ಚಿ ಬದಲಿಸಿದರಾಯಿತು, ಏನನ್ನೂ ಕತ್ತರಿಸಬೇಕಿಲ್ಲ. ಎಸ್‌ಯು ಕಾರ್ಬೊರೇಟರ್ ಕೆಟ್ಟಿದೆ ಅಂತ ಹೇಳುವ ಮೊದಲು ಇಗ್ನಿಷನ್ ಟೈಮಿಂಗ್ ನೋಡಿ, ಆಮೇಲೆ ಥ್ರಾಟಲ್ ದಂಡ ಸವೆದು ಗಾಳಿ ಎಳೆಯುತ್ತಿದೆಯಾ ನೋಡಿ. ಬುಷ್ ಹಾಕಿಸಿದರೆ ಮತ್ತೆ ಹೊಸದರಂತೆ ಆಗುತ್ತದೆ.

ಗೇರ್‌ಬಾಕ್ಸ್‌ನಲ್ಲಿ ಐದು ಗೇರಿನ ಆಸೆ ಎಲ್ಲರಿಗೂ ಇರುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಅರಚುವುದು ಕಡಿಮೆಯಾಗುತ್ತದೆ. ಆದರೆ ಮೊದಲು ಆ ಕಾರಿಗೆ ಆ ಕಾಲದಲ್ಲೇ ಏನು ಸಿಗುತ್ತಿತ್ತು ನೋಡಿ. ಎಂಜಿಬಿಗೆ ಲೇಕಾಕ್ ಓವರ್‌ಡ್ರೈವ್ ಸಿಗುತ್ತಿತ್ತು. ಅದು ಐದನೇ ಗೇರಿನ ಕೆಲಸವನ್ನೇ ಮಾಡುತ್ತದೆ, ಸ್ವಿಚ್ ಒತ್ತಿದಾಗ ಬರುವ ಖುಷಿಯೇ ಬೇರೆ. ಜಾಗ್ವಾರ್ ಇ-ಟೈಪ್ 3.8ರ ಮಾಸ್ ಎಂಬ ಗೇರ್‌ಬಾಕ್ಸ್‌ಗೆ ಮೊದಲ ಗೇರಿನಲ್ಲಿ ಸಿಂಕ್ರೊ (ಗೇರು ಸಲೀಸಾಗಿ ಬೀಳುವಂತೆ ಮಾಡುವ ಭಾಗ) ಇಲ್ಲ. ಕಲಿಯಬೇಕು, ಕಲಿತರೆ ಚೆಂದ. ಹೊಸ ಗೇರ್‌ಬಾಕ್ಸೇ ಬೇಕು ಅಂದರೆ ನಡುವಿನ ಟನಲ್ ಕತ್ತರಿಸದೆ ಕೂರುವಂಥದ್ದನ್ನು ಮಾತ್ರ ಆರಿಸಿ.

ಬ್ರೇಕು, ಟೈರು, ವೈರು: ಇಲ್ಲಿ ಹಳೆಯದರ ಹಟ ಬೇಡ

ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ರಬ್ಬರ್ ಹೋಸು, ಬ್ರೇಕಿನ ಸೀಲು, ಟೈರು, ಇಂಧನದ ಕೊಳವೆ ಎಲ್ಲ ಹೊಸದೇ ಆಗಬೇಕು. ಎಷ್ಟೇ ಅಪರೂಪದ ಕಾರಾದರೂ ಸರಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮುಂಚಿನದು, ಎಷ್ಟೇ ಗೀರು ಉಳಿದಿದ್ದರೂ ತೆಗೆದುಹಾಕಿ. ಪಿರೆಲಿ ಚಿಂಟುರಾಟೊ, ಮಿಶೆಲಿನ್ ಎಕ್ಸ್‌ಡಬ್ಲ್ಯೂಎಕ್ಸ್‌ನಂಥ ಆ ಕಾಲದ ಟೈರುಗಳನ್ನು ಹಳೆಯ ಅಳತೆಯಲ್ಲೇ ಈಗಲೂ ಮಾಡುತ್ತಾರೆ. ನೋಟವೂ ಉಳಿಯುತ್ತದೆ, ಹಿಡಿತವೂ ಸಿಗುತ್ತದೆ. ಕಾರಿಗೆ ಅಗಲ ಟೈರು ತೊಡಿಸಬೇಡಿ. ಸ್ಟಿಯರಿಂಗ್ ಭಾರವಾಗುತ್ತದೆ, ತೆಳು ಟೈರಿನಲ್ಲಿ ಕಾರು ಜಾರುವ ಮುಂಚೆ ಕೊಡುತ್ತಿದ್ದ ಸೂಚನೆ ಹೋಗುತ್ತದೆ.

ಬಹಳಷ್ಟು ಹಳೆಯ ಕಾರುಗಳ ಬ್ರೇಕಿಗೆ ಒಂದೇ ಸರ್ಕ್ಯೂಟ್. ಒಂದು ಕೊಳವೆ ಒಡೆದರೆ ನಾಲ್ಕು ಚಕ್ರದ ಬ್ರೇಕೂ ಹೋಯಿತು. ಅಮೆರಿಕದಲ್ಲಿ 1968ರಿಂದ ಎರಡು ಸರ್ಕ್ಯೂಟ್ ಕಡ್ಡಾಯವಾಯಿತು. ದಿನವೂ ಓಡಿಸುವ ಕಾರಾದರೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಇ-ಟೈಪ್ 3.8ರಲ್ಲಿ ಬ್ರೇಕ್ ಒತ್ತಲು ನೆರವಾಗುವ, ಬೆಲ್ಲೋಸ್ ಮಾದರಿಯ ಕೆಲ್ಸಿ-ಹೇಯ್ಸ್ ಸರ್ವೊ ಇದೆ, ಅದರ ನೆರವು ಕಡಿಮೆ. ಬದಲಿಸುವವರು ಬಹಳ. ಬದಲಿಸಿ, ಆದರೆ ಹಳೆಯದನ್ನು ಇಟ್ಟುಕೊಳ್ಳಿ. ಬ್ರೇಕ್ ದ್ರವದಲ್ಲಿ ಡಾಟ್ 4 ಬಣ್ಣ ತಿನ್ನುತ್ತದೆ, ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಕೋನ್‌ನ ಡಾಟ್ 5 ಬಣ್ಣಕ್ಕೆ ಏನೂ ಮಾಡುವುದಿಲ್ಲ, ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಒಳ್ಳೆಯದು. ಎರಡನ್ನೂ ಬೆರೆಸಬಾರದು.

ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಒಳಗಿನಿಂದ ಕರಗಿಸುತ್ತದೆ. ಎಸ್‌ಎಇ ಜೆ30 ಆರ್9 ಎಂಬ ಗುರುತಿನ ಹೋಸ್ ಹಾಕಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಹನಿದು ಸುಟ್ಟುಹೋದ ಕಾರುಗಳಿವೆ. ಅಲ್ಲಿ ಕಾರ್ಖಾನೆಯ ಹೋಸ್ ಉಳಿಸಿ ಏನು ಲಾಭ?

ವೈರಿಂಗ್‌ಗೆ ಬಂದರೆ, ಬಟ್ಟೆ ಸುತ್ತಿದ ಹಳೆಯ ವೈರುಗಳು ಒಳಗೆ ಪುಡಿಯಾಗಿರುತ್ತವೆ. ಆದರೆ ಹೊಸ ವೈರು ಕಣ್ಣಿಗೆ ಹೊಸದಾಗಿ ಕಾಣಬೇಕಿಲ್ಲ. ಒಳಗೆ ಪ್ಲಾಸ್ಟಿಕ್, ಹೊರಗೆ ಹತ್ತಿಯ ಹೆಣಿಗೆ ಇರುವ ಹಾರ್ನೆಸ್ (ವೈರುಗಳ ಕಟ್ಟು) ಮಾಡಿಕೊಡುವವರಿದ್ದಾರೆ. ಬ್ರಿಟಿಷ್ ಕಾರಾದರೆ ಲ್ಯೂಕಾಸ್ ಬಣ್ಣಗಳನ್ನೇ ಉಳಿಸಿ: ಕಂದು ನೇರ ಬ್ಯಾಟರಿಯಿಂದ, ಬಿಳಿ ಇಗ್ನಿಷನ್ನಿಂದ, ಹಸಿರು ಫ್ಯೂಸ್ ದಾಟಿ, ಕಪ್ಪು ಅರ್ತ್. ಮುಂದೆ ಯಾರೇ ರಿಪೇರಿಗೆ ಕೂತರೂ ಗೊತ್ತಾಗುತ್ತದೆ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ಅಡಗುವ ಎಲೆಕ್ಟ್ರಾನಿಕ್ ಇಗ್ನಿಷನ್, ಡೈನಮೋ ರೂಪದಲ್ಲೇ ಇರುವ ಆಲ್ಟರ್ನೇಟರ್, ಹೆಡ್‌ಲೈಟಿಗೆ ಅಡಗಿಸಿದ ರಿಲೇ, ಈ ಮೂರು ಹೊರಗೆ ಕಾಣದೆ ಕಾರನ್ನು ನಂಬಿಕೆಗೆ ತರುತ್ತವೆ. ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಮೈಗೆ ಜೋಡಿಸಿರುವ ಹಳೆಯ ಕಾರಿಗೆ ಇವನ್ನು ಹಾಕುವಾಗ ಯಾವ ಬಗೆಯದು ಅಂತ ಎರಡು ಸಲ ನೋಡಿ.

ಒಳಾಂಗಣ

ಇಲ್ಲಿ ನನ್ನ ಕೈ ತಾನಾಗಿಯೇ ನಿಧಾನವಾಗುತ್ತದೆ. ಹೊಸ ಚರ್ಮಕ್ಕೆ ಹಳೆಯ ವಾಸನೆ ಬರುವುದಿಲ್ಲ. ಚಾಲಕನ ಸೀಟಿನ ಹೊರ ಅಂಚು ಸವೆದಿರುವುದು, ಸ್ಟಿಯರಿಂಗ್ ಮರ ಕೈ ತಾಗಿ ಕಪ್ಪಾಗಿರುವುದು, ಗೇರ್ ಗುಂಡಿನ ಮೇಲಿನ ಅಂಕಿ ಅಳಿಸಿರುವುದು, ಇವೆಲ್ಲ ಆ ಕಾರು ಬದುಕಿದ್ದಕ್ಕೆ ಗುರುತು.

ಚರ್ಮ ಒಣಗಿ ಬಿರುಕು ಬಿಟ್ಟಿದ್ದರೆ ಮೊದಲು ಸ್ವಚ್ಛ ಮಾಡಿ, ಚರ್ಮಕ್ಕೆ ಹಾಕುವ ಎಣ್ಣೆ ಕುಡಿಸಿ, ವಾರಗಟ್ಟಲೆ ಕಾಯಿರಿ. ಹೊಲಿಗೆ ಬಿಟ್ಟಿದ್ದರೆ ಅದೇ ತೂತುಗಳಲ್ಲಿ ಮತ್ತೆ ಹೊಲಿಸಿ. ಒಂದು ಪಟ್ಟಿ ಹರಿದಿದ್ದರೆ ಆ ಪಟ್ಟಿ ಮಾತ್ರ ಬದಲಿಸಿ. ಒಳಗಿನ ಸ್ಪಂಜು, ಕುದುರೆಕೂದಲ ತುಂಬು ಪುಡಿಯಾಗಿದ್ದರೆ ಅದನ್ನು ಹೊಸದು ಮಾಡಿ, ಮೇಲಿನ ಹೊದಿಕೆ ಹಳೆಯದನ್ನೇ ತೊಡಿಸಿ. ಇಡೀ ಸೀಟಿಗೆ ಹೊಸ ಚರ್ಮ ಹಾಕುವುದು ಕೊನೆಯ ಆಯ್ಕೆ. ಒಂದು ಸೀಟಿಗೆ ಹಾಕಿದರೆ ಇನ್ನೊಂದು ಹಳತಾಗಿ ಕಾಣುತ್ತದೆ. ಎರಡೂ ಹಾಕಿದರೆ ಬಾಗಿಲ ಒಳಗಿನ ಹೊದಿಕೆ. ಆಮೇಲೆ ಕಾರ್ಪೆಟ್. ಹೀಗೆ ಒಂದು ಹೊಸದು ಪಕ್ಕದ್ದನ್ನೆಲ್ಲ ನುಂಗುತ್ತಾ ಹೋಗುತ್ತದೆ.

ಮೀಟರುಗಳ ಒಳಗಿನ ಯಂತ್ರ ರಿಪೇರಿ ಮಾಡಿಸಿ, ಮುಖಕ್ಕೆ ಕೈ ಹಚ್ಚಿಸಬೇಡಿ. ಮತ್ತೆ ಬರೆದ ಅಂಕಿಗಳು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತವೆ. ಸೀಟ್ ಬೆಲ್ಟ್ ಮಾತ್ರ ಹೊಸದೇ ಹಾಕಿ. ಆ ಕಾಲದ ಬಕಲ್ ಮಾದರಿಯಲ್ಲೇ ಹೊಸ ಬೆಲ್ಟ್ ಸಿಗುತ್ತವೆ.

ಕ್ರೋಮಿನ ಬಗ್ಗೆ ಒಂದೇ ಮಾತು. ಸಣ್ಣ ಚುಕ್ಕೆ ಇದ್ದರೆ ಬಿಡಿ. ಸತು ಮಿಶ್ರಲೋಹದ ಹಿಡಿಕೆ, ಲೈಟಿನ ಚೌಕಟ್ಟುಗಳಲ್ಲಿ ಗುಳಿ ಬಿದ್ದರೆ ಮತ್ತೆ ಕ್ರೋಮ್ ಮಾಡಿಸುವುದು ದುಬಾರಿ, ಬಹಳ ಸಲ ಕೆಡುತ್ತದೆ. ಬೇರೆ ಹಳೆಯ ಭಾಗ ಹುಡುಕುವುದೇ ಲೇಸು.

ಸ್ವಲ್ಪ ಈಚಿನ ಕಾರುಗಳು

1980ರ, 90ರ ದಶಕದ ಸ್ಪೋರ್ಟ್ಸ್ ಕಾರುಗಳಲ್ಲಿ ತೊಂದರೆ ಬೇರೆ. ತಗಡನ್ನು ತಟ್ಟಿ ಮಾಡಬಹುದು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕನ್ನು, ಇಸಿಯುವನ್ನು (ಎಂಜಿನ್ ನಡೆಸುವ ಕಂಪ್ಯೂಟರ್) ತಟ್ಟಿ ಮಾಡಲಾಗುವುದಿಲ್ಲ. ಹಳೆಯ ಇಸಿಯುಗಳಲ್ಲಿ ಕೆಪಾಸಿಟರ್ ಸೋರಿ ಬೋರ್ಡನ್ನೇ ತಿನ್ನುತ್ತದೆ. ಕಾರು ಓಡುತ್ತಿರುವಾಗಲೇ ಅವನ್ನು ಬದಲಿಸಿಬಿಡಿ. ಇಂಥ ಕಾರುಗಳಿಗೆ ಕಂಪನಿಗಳೇ ಕೈ ಜೋಡಿಸಿರುವುದು ಸಂತೋಷ. ನಿಸ್ಸಾನ್ 2017ರ ಡಿಸೆಂಬರಿನಿಂದ ಆರ್32 ಜಿಟಿ-ಆರ್‌ಗೆ ಬಿಡಿಭಾಗ ಮತ್ತೆ ಮಾಡತೊಡಗಿತು. ಮಾಜ್ದಾ ಕೂಡ ಜಪಾನಿನಲ್ಲಿ ಮೊದಲ ಪೀಳಿಗೆಯ ಎಂಎಕ್ಸ್-5ನ್ನು ತಾನೇ ಸರಿಮಾಡಿಕೊಡಲು ಮುಂದಾಯಿತು, ಮೊದಲಿನ ಮಾದರಿಯ ಟೈರನ್ನೂ ಮತ್ತೆ ಮಾಡಿಸಿತು. ಈ ಕಾರುಗಳಲ್ಲಿ ಪ್ಲಾಸ್ಟಿಕ್ ಕ್ಲಿಪ್ಪು, ರಬ್ಬರ್ ಪಟ್ಟಿ, ಕಾರ್ಖಾನೆಯ ರೇಡಿಯೋ ಏನನ್ನೂ ಎಸೆಯಬೇಡಿ. ಈಗ ಕವಡೆ ಕಾಸಿಗೂ ಬೇಡದ ಕ್ಲಿಪ್ಪು ಹತ್ತು ವರ್ಷ ಕಳೆದರೆ ಸಿಗುವುದೇ ಇಲ್ಲ.

ವಿದ್ಯುತ್ ಮೋಟರ್ ಹಾಕುವ ಬಗ್ಗೆಯೂ ಕೇಳುತ್ತಾರೆ. ಜಾಗ್ವಾರ್ ಕೂಡ 2017ರಲ್ಲಿ ಒಂದು ವಿದ್ಯುತ್ ಇ-ಟೈಪ್ ತೋರಿಸಿತ್ತು. ಹಾಗೆ ಬದಲಿಸಿದ್ದು ಐತಿಹಾಸಿಕ ವಾಹನ ಅಲ್ಲ ಎಂದು ಫಿವಾ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ನನ್ನ ಮಾತೂ ಅದೇ. ಸ್ಪೋರ್ಟ್ಸ್ ಕಾರಿನಲ್ಲಿ ಎಂಜಿನ್ನೇ ಅದರ ದನಿ. ಮಾಡಲೇಬೇಕೆಂದರೆ ಏನನ್ನೂ ಕತ್ತರಿಸದೆ ಮಾಡಿ, ಎಂಜಿನ್ ಕಾರಿನ ಜೊತೆಗೇ ಇರಲಿ.

ತೆಗೆದದ್ದನ್ನು ಏನು ಮಾಡುವುದು?

ಪೆಟ್ಟಿಗೆಗಳನ್ನು ತನ್ನಿ. ತೆಗೆದ ಪ್ರತಿ ಭಾಗವನ್ನೂ ಒರೆಸಿ, ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ ಇಡಿ. ಚೀಟಿಯಲ್ಲಿ ಭಾಗದ ಹೆಸರು, ತೆಗೆದ ದಿನ, ಯಾಕೆ ತೆಗೆದಿರಿ, ಬದಲಿಗೆ ಏನು ಹಾಕಿದಿರಿ ಬರೆಯಿರಿ. ಹೊಸದಾಗಿ ಹಾಕಿದ ಭಾಗಕ್ಕೂ ಕಣ್ಣಿಗೆ ಬೀಳದ ಕಡೆ ಒಂದು ಸಣ್ಣ ಗುರುತು ಒತ್ತಿ, ಟ್ಯೂರಿನ್ ಚಾರ್ಟರ್ ಕೂಡ ಹೀಗೆ ಗುರುತು ಮಾಡಲು ಹೇಳುತ್ತದೆ. ಚೀಟಿಗೆ ಪೆನ್ಸಿಲ್ ಬಳಸಿ, ಪೆನ್ನಿನ ಶಾಯಿ ಎಣ್ಣೆಗೆ ಕರಗುತ್ತದೆ. ಕಾರು ಮಾರುವ ದಿನ ಬಂದರೆ ಕೀಲಿಯ ಜೊತೆ ಆ ಪೆಟ್ಟಿಗೆಗಳನ್ನೂ ಕೊಡಿ.